ತೋಟಕ್ಕೆ ಹವಾಮಾನ ಯಂತ್ರ ಹಾಕಿಸುವವರು ದುಡ್ಡು ಕೊಡುವ ಮೊದಲು ಓದಿ

ನಮ್ಮದು ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟ. ಯಾವ ಕಂಪನಿ ಅಂತ ಕೇಳಬೇಡಿ, ಹೆಸರು ಹಾಕುವುದಿಲ್ಲ. ಅವರು ಮಾಡಿದ ಕೆಲಸ ಮಾತ್ರ ಹೇಳುತ್ತೇನೆ.

ಹುಡುಗರು ಬಂದರು, ಪಂಪ್ ಹೌಸ್ ಮೋಲ್ಡ್ ಮೇಲೆ ಕಂಬ ನಿಲ್ಲಿಸಿದರು, ಫೋನಿಗೆ ಆ್ಯಪ್ ಹಾಕಿಕೊಟ್ಟು ಊಟದ ಹೊತ್ತಿಗೆ ಮೊದಲೇ ಹೊರಟರು. ಶಾಖ, ತೇವಾಂಶ ಅಳೆಯುವ ಸೆನ್ಸರ್‌ಗೆ ತಟ್ಟೆ ಜೋಡಿಸಿದ ಹಾಗೆ ಬಿಳಿ ಕವಚ ಇರುತ್ತದಲ್ಲ, ಬಿಸಿಲು ತಾಗದೆ ಗಾಳಿ ಆಡಲಿ ಅಂತ, ಅದು ಸರಿಯಾಗೇ ಇತ್ತು. ಆದರೆ ಕೆಳಗೆ ಕಾಂಕ್ರೀಟ್! ಹಗಲೆಲ್ಲ ಕಾದು ರಾತ್ರಿ ಶಾಖ ಬಿಡುತ್ತದೆ. ಗಾಳಿ ಬೆಚ್ಚಗಾದರೆ, ಅದರಲ್ಲಿರುವ ನೀರಾವಿ ಅಷ್ಟೇ ಇದ್ದರೂ, ತೇವಾಂಶದ ಶೇಕಡಾ ಇಳಿಯುತ್ತದೆ. ಬೆಳಗ್ಗೆ ಬಳ್ಳಿ ಕೆಳಗೆ ಹೋದರೆ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಆ್ಯಪ್‌ನಲ್ಲಿ ಮಾತ್ರ ಎಪ್ಪತ್ತು ಚಿಲ್ಲರೆ. ತೇವ ಹೆಚ್ಚಾದಾಗ ದ್ರಾಕ್ಷಿಗೆ ಹತ್ತುವ ಡೌನಿ ಅನ್ನುವ ಬೂಜು ರೋಗ ಬರುತ್ತದೆ ಅಂತ ಅಲರ್ಟ್ ಬರಲೇ ಇಲ್ಲ. ಎಲೆ ಮಗುಚಿ ನೋಡಿದರೆ ಹಿಂದೆ ಬಿಳಿ ಬೂಜು ಆಗಲೇ ಕೂತಿತ್ತು. ಈ ಸೆನ್ಸರ್ ಹುಲ್ಲುನೆಲದ ಮೇಲೆ, 1.25ರಿಂದ 2 ಮೀಟರ್ ಎತ್ತರದಲ್ಲಿ, ಗೋಡೆ ಕಟ್ಟಡದಿಂದ ದೂರ ಇರಬೇಕು.

ಮಳೆಮಾಪಕದ್ದು ಇನ್ನೊಂದು ಕಥೆ. ಒಳಗೆ ಎರಡು ಪುಟ್ಟ ಬಟ್ಟಲು, ತುಂಬಿದ್ದು ಮಗುಚಿಕೊಳ್ಳುತ್ತದೆ, ನಮ್ಮದರಲ್ಲಿ ಒಂದು ಸಲಕ್ಕೆ 0.2 ಮಿಲಿಮೀಟರ್ ಲೆಕ್ಕ. ಅದನ್ನು ಬೇವಿನ ಕೊಂಬೆ ಪಕ್ಕ ಇಟ್ಟಿದ್ದರು, ಎಲೆ ಬಿದ್ದು ಆಲಿಕೆ ಕಟ್ಟಿಕೊಂಡಿತ್ತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಮ್ಮ ಪಂಚಾಯಿತಿಯಲ್ಲಿ ಇಟ್ಟಿರುವ ಮಾಪಕ ಒಳ್ಳೆ ಮಳೆ ತೋರಿಸಿದ ದಿನ ನಮ್ಮದು ಸೊನ್ನೆ. ನೀವೇ ಪರೀಕ್ಷೆ ಮಾಡಬಹುದು. ಆಲಿಕೆ ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ, 200 ಮಿಲಿ ನೀರನ್ನು ತುಂಬಾ ನಿಧಾನವಾಗಿ ಬಿಡಿ, 10 ಮಿಲಿಮೀಟರ್ ಆಸುಪಾಸು ಬರಬೇಕು. ಬಟ್ಟಲು ಸಮಮಟ್ಟದಲ್ಲಿ ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ನಗು ಬಂದದ್ದು ಒತ್ತಡ ನೋಡಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ 910 ಹೆಕ್ಟೋಪಾಸ್ಕಲ್ ಹತ್ತಿರ. ಎತ್ತರ ಎಷ್ಟು ಅಂತ ಯಂತ್ರಕ್ಕೆ ಹೇಳಿದರೆ ಅದನ್ನು ಸಮುದ್ರಮಟ್ಟಕ್ಕೆ ಬದಲಿಸಿ ಸಾವಿರದ ಹತ್ತೋ ಏನೋ ತೋರಿಸುತ್ತದೆ. ಇವರು ಎತ್ತರ ತುಂಬುವ ಕಡೆ ಸೊನ್ನೆ ಹೊಡೆದಿದ್ದರು. ಹಾಗಾಗಿ ಆ್ಯಪ್‌ನಲ್ಲಿ ದಿನಾ ಬಿರುಗಾಳಿ ಚಿತ್ರ. ತಪ್ಪು ಯಂತ್ರದ್ದಲ್ಲ ಬಿಡಿ, ಸಮುದ್ರಮಟ್ಟದಲ್ಲಿ ಒತ್ತಡ ಅಷ್ಟು ಇಳಿದರೆ ಅದು ಚಂಡಮಾರುತವೇ, 1999ರ ಒಡಿಶಾ ಚಂಡಮಾರುತದ ಕೇಂದ್ರದಲ್ಲಿ ಒತ್ತಡ 912 ಅಂತ ದಾಖಲೆ ಇದೆ!

ಆ್ಯಪ್‌ಗೆ ತುಂಬಿದ್ದ ಅಕ್ಷಾಂಶ, ರೇಖಾಂಶ ಅವರ ಬೆಂಗಳೂರು ಆಫೀಸಿನದ್ದು. ಅಂದರೆ ಇಷ್ಟು ದಿನ ಮುನ್ಸೂಚನೆ ಅಂತ ಓದುತ್ತಿದ್ದದ್ದು ಅವರ ರಸ್ತೆಯ ಮಳೆ, ಅಲ್ವಾ? ಗಾಳಿ ದಿಕ್ಕಿನ ಬಾಣದ ಉತ್ತರದ ಗುರುತು ಕೂಡ ಗೇಟಿನ ಕಡೆಗಿತ್ತು, ಸುಮ್ನೆ ಹೇಗೋ ಸಿಕ್ಕಿಸಿದ್ದಾರೆ.

ಫೋನ್ ಮಾಡಿದರೆ ವಾರಂಟಿ ಯಂತ್ರಕ್ಕೆ ಮಾತ್ರ, ಜಾಗ ಬದಲಿಸಲು ಬೇರೆ ಚಾರ್ಜ್ ಅಂತ ಉತ್ತರ. ನೀವು ಹಾಕಿಸುವುದಾದರೆ ಜಾಗ, ಎತ್ತರ, ಅಕ್ಷಾಂಶ ರೇಖಾಂಶ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನೀರು ಸುರಿಯುವ ಪರೀಕ್ಷೆ ಅವರ ಎದುರೇ ಆಗಲಿ, ಉಳಿದ ದುಡ್ಡು ಆಮೇಲೆ ಕೊಡಿ.