ನಾಲ್ಕು ಆಗಸ್ಟ್, ನಾಲ್ಕು ದಾರಿ: ಎನ್‌ಎಫ್‌ಸಿ ನಾರ್ತ್ ಪಟ್ಟಿ ಹೇಗೆ ಬರೆಯಬೇಕು?

ನಾನಿರುವುದು ಡೆಟ್ರಾಯಿಟ್ ಹತ್ತಿರದ ನೋವೈ ಊರಿನಲ್ಲಿ. ಪ್ರತಿ ಆಗಸ್ಟ್‌ನಲ್ಲೂ ನಮ್ಮ ಆಫೀಸಿನ ಊಟದ ಕೋಣೆಯ ಬಿಳಿ ಹಲಗೆ ಮೇಲೆ ನಾಲ್ಕು ಹೆಸರು ಬೀಳುತ್ತವೆ. ಲಯನ್ಸ್, ಪ್ಯಾಕರ್ಸ್, ವೈಕಿಂಗ್ಸ್, ಬೇರ್ಸ್. ಅಮೆರಿಕನ್ ಫುಟ್‌ಬಾಲ್ ಆಡುವ ಎನ್‌ಎಫ್‌ಎಲ್ ಲೀಗಿನ ಎನ್‌ಎಫ್‌ಸಿ ನಾರ್ತ್ ಡಿವಿಷನ್ (ಒಂದು ಗುಂಪು) ಅಂದರೆ ಈ ನಾಲ್ಕೇ ತಂಡ. ಡೆಟ್ರಾಯಿಟ್, ಗ್ರೀನ್ ಬೇ, ಮಿನೆಸೋಟ, ಷಿಕಾಗೊ. ಸೀಸನ್ ಶುರುವಾಗುವ ಮುಂಚೆ ಯಾರು ಮೊದಲು, ಯಾರು ಕೊನೆ ಎಂದು ಪ್ರತಿಯೊಬ್ಬರೂ ಬರೆಯಬೇಕು. ಜನವರಿಯಲ್ಲಿ ಜಾಸ್ತಿ ಸರಿ ಬಂದವರಿಗೆ ಉಳಿದವರು ಡೋನಟ್ ತಂದುಕೊಡಬೇಕು.

2022ರಲ್ಲಿ ನಾನು ಒಂದು ನೋಟ್‌ಬುಕ್ ಇಟ್ಟೆ. ಹಲಗೆ ಮೇಲೆ ಒಂದು ಪಟ್ಟಿ ಬರೆದರೂ ನೋಟ್‌ಬುಕ್ಕಿನಲ್ಲಿ ನಾಲ್ಕು ಪಟ್ಟಿ, ನಾಲ್ಕು ಬೇರೆ ಬೇರೆ ದಾರಿಯಲ್ಲಿ. 2025ರ ತನಕ ನಾಲ್ಕು ಸೀಸನ್ ಆಯಿತು. ಒಂದು ಸೀಸನ್‌ಗೆ ನಾಲ್ಕು ಸ್ಥಾನ, ಒಟ್ಟು 16. ತಂಡದ ಹೆಸರು ಸರಿಯಾದ ಸ್ಥಾನದಲ್ಲಿ ಕೂತರೆ ಒಂದು ಅಂಕ. ಇಷ್ಟೇ ಲೆಕ್ಕ.

ಮೊದಲ ದಾರಿ ಚೀಟಿ. ನಾಲ್ಕು ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿ ಮಗಳ ಕೈಗೆ ಕೊಟ್ಟೆ. ಅವಳು ಎತ್ತಿದ ಸಾಲಿನಲ್ಲೇ ಬರೆದುಕೊಂಡೆ. ಇದು ಆಟಕ್ಕೆ ಮಾಡಿದ್ದಲ್ಲ. ನಾಲ್ಕು ಹೆಸರನ್ನು 24 ರೀತಿ ಜೋಡಿಸಬಹುದು. ಕಣ್ಣು ಮುಚ್ಚಿ ಜೋಡಿಸಿದರೂ ಸರಾಸರಿ ಒಂದು ಹೆಸರು ಸರಿಯಾದ ಜಾಗಕ್ಕೆ ಬಂದೇ ಬರುತ್ತದೆ. ಅಂದರೆ ನಾಲ್ಕು ಸೀಸನ್‌ಗೆ 4. ಯಾವ ದಾರಿಯಾದರೂ ಇದಕ್ಕಿಂತ ಮೇಲೆ ಹೋಗಬೇಕು. ಹೋಗದಿದ್ದರೆ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ? ಮಗಳಿಗೆ ಬಂದದ್ದೂ 4.

ಎರಡನೇ ದಾರಿ ಹೋದ ವರ್ಷದ ಪಟ್ಟಿಯನ್ನೇ ಮತ್ತೆ ಬರೆಯುವುದು. ಹಲಗೆ ಮೇಲೆ ಅರ್ಧಕ್ಕರ್ಧ ಜನ ಮಾಡುವುದು ಇದನ್ನೇ. ಕೇಳಲು ನ್ಯಾಯವಾಗಿಯೇ ಇದೆ, ಗೆದ್ದವರು ಗೆಲ್ಲುತ್ತಾರೆ ಅಲ್ವಾ? 2021ರ ಸಾಲು ಪ್ಯಾಕರ್ಸ್, ವೈಕಿಂಗ್ಸ್, ಬೇರ್ಸ್, ಲಯನ್ಸ್. 2022 ಮುಗಿದಾಗ ನೋಡಿದರೆ ವೈಕಿಂಗ್ಸ್, ಲಯನ್ಸ್, ಪ್ಯಾಕರ್ಸ್, ಬೇರ್ಸ್. ಒಂದೂ ಸರಿಯಿಲ್ಲ. 2023ರಲ್ಲಿ ಬೇರ್ಸ್ ಮಾತ್ರ ಕೊನೆಯಲ್ಲೇ ಉಳಿಯಿತು. 2024ರಲ್ಲಿ ಲಯನ್ಸ್ ಮೇಲೆ, ಬೇರ್ಸ್ ಕೆಳಗೆ, ಹಾಗಾಗಿ ಎರಡು. 2025ರಲ್ಲಿ ಮತ್ತೆ ಸೊನ್ನೆ. ಒಟ್ಟು 3. ಚೀಟಿಗಿಂತ ಒಂದು ಕಡಿಮೆ.

ಮೂರನೇ ದಾರಿ ನನ್ನ ಕಣ್ಣು. ಆಗಸ್ಟ್ ಪೂರ್ತಿ ಪ್ರೀಸೀಸನ್ ಆಟ (ಸೀಸನ್‌ಗೆ ಮುಂಚಿನ, ಲೆಕ್ಕಕ್ಕಿಲ್ಲದ ಅಭ್ಯಾಸದ ಆಟ) ನೋಡುವುದು, ಯಾರು ಬಂದರು ಯಾರು ಹೋದರು ಎಂದು ಓದುವುದು, ಕೊನೆಗೆ ಮನಸ್ಸಿಗೆ ಬಂದಂತೆ ಬರೆಯುವುದು. ಇದರಲ್ಲಿ ಪ್ರೀಸೀಸನ್ ಆಟವನ್ನು ಎರಡನೇ ವರ್ಷಕ್ಕೇ ಬಿಟ್ಟೆ. ಮುಖ್ಯ ಆಟಗಾರರು ಆಡುವುದೇ ಅಪರೂಪ. ತಂಡದಲ್ಲಿ ಉಳಿಯುತ್ತಾರೋ ಇಲ್ಲವೋ ಗೊತ್ತಿಲ್ಲದ ಹುಡುಗರು ಆಡುತ್ತಾರೆ. ಈ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 2008ರಲ್ಲಿ ಲಯನ್ಸ್ ಪ್ರೀಸೀಸನ್‌ನ ನಾಲ್ಕೂ ಆಟ ಗೆದ್ದಿತ್ತು. ಆಮೇಲೆ ಸೀಸನ್‌ನ 16 ಆಟದಲ್ಲಿ 16ನ್ನೂ ಸೋತಿತು. ಆ ವರ್ಷದ ಮಾತು ಬಂದರೆ ನಮ್ಮ ಆಫೀಸಿನ ಹಿರಿಯರು ಇವತ್ತಿಗೂ ಸುಮ್ಮನಾಗುತ್ತಾರೆ.

ಆದರೂ ಕಣ್ಣಿಗೆ ಕೆಲವು ಸಂಗತಿ ಸರಿಯಾಗಿಯೇ ಕಂಡಿದ್ದವು. 2023ರ ಜನವರಿ 8, ಗ್ರೀನ್ ಬೇಯ ಲ್ಯಾಂಬೋ ಮೈದಾನ, 2022ರ ಸೀಸನ್‌ನ ಕೊನೆಯ ಆಟ. ಗೆದ್ದರೆ ಪ್ಯಾಕರ್ಸ್ ಪ್ಲೇಆಫ್‌ಗೆ ಹೋಗುತ್ತಿತ್ತು. ಲಯನ್ಸ್‌ಗೆ ಏನೂ ಸಿಗುವುದಿರಲಿಲ್ಲ. ಆ ಸಂಜೆಯೇ ಸಿಯಾಟಲ್ ಗೆದ್ದು ಅವರ ಬಾಗಿಲು ಮುಚ್ಚಿತ್ತು. ಆ ಸೀಸನ್ ಶುರುವಾದಾಗ ಮೊದಲ ಏಳು ಆಟದಲ್ಲಿ ಒಂದೇ ಗೆದ್ದಿದ್ದ ತಂಡ ಲಯನ್ಸ್. ಅಂಥವರು ಆ ಚಳಿಯಲ್ಲಿ ಕೊನೆಯ ನಿಮಿಷದ ತನಕ ಜೀವ ಕೊಟ್ಟು ಆಡಿದರು. ಕೊನೆಯಲ್ಲಿ ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಆರನ್ ರಾಡ್ಜರ್ಸ್ ಎಸೆದ ಉದ್ದದ ಚೆಂಡನ್ನು ಲಯನ್ಸ್‌ನ ಕರ್ಬಿ ಜೋಸೆಫ್ ಹಿಡಿದುಬಿಟ್ಟ. ಪ್ಯಾಕರ್ಸ್ ಅಂಗಿಯಲ್ಲಿ ರಾಡ್ಜರ್ಸ್ ಎಸೆದ ಕೊನೆಯ ಚೆಂಡು ಅದೇ ಆಯಿತು. 20-16. ನಾನು ಸೋಫಾದಿಂದ ಎದ್ದು ನಿಂತಿದ್ದೆ. ಮುಂದಿನ ವರ್ಷ ಮೊದಲ ಹೆಸರು ಯಾವುದೆಂದು ಅವತ್ತೇ ಗೊತ್ತಾಗಿತ್ತು. 2023ರಲ್ಲಿ ಲಯನ್ಸ್ 12-5 (12 ಗೆಲುವು, 5 ಸೋಲು) ಮಾಡಿ ಡಿವಿಷನ್ ಗೆದ್ದಿತು. 1993ರ ನಂತರ ಮೊದಲ ಸಲ.

2024ರಲ್ಲಿ ಅದೇ ಕಣ್ಣು ಕೈಕೊಟ್ಟಿತು. ವೈಕಿಂಗ್ಸ್ ಡ್ರಾಫ್ಟ್‌ನ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವುದು) 10ನೇ ಆಯ್ಕೆಯಲ್ಲಿ ತಂದ ಹೊಸ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಆಗಸ್ಟ್‌ನಲ್ಲೇ ಮಂಡಿ ಪೆಟ್ಟಿನಿಂದ ಇಡೀ ಸೀಸನ್ ಹೊರಗಾದ. ಉಳಿದವನು ಸ್ಯಾಮ್ ಡಾರ್ನಾಲ್ಡ್. ಜೆಟ್ಸ್, ಪ್ಯಾಂಥರ್ಸ್, ಫಾರ್ಟಿನೈನರ್ಸ್ ತಂಡಗಳನ್ನು ಸುತ್ತಿ ಬಂದವನು. ನಾನು ವೈಕಿಂಗ್ಸ್ ಹೆಸರನ್ನು ನಾಲ್ಕನೆಯದಾಗಿ ಬರೆದೆ. ಮೊದಲ ಆಯ್ಕೆಯಲ್ಲಿ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಬಂದಿದ್ದಾನೆ ಎಂದು ಬೇರ್ಸ್‌ಗೆ ಮೂರನೇ ಜಾಗ ಕೊಟ್ಟೆ. ಡಾರ್ನಾಲ್ಡ್ 35 ಟಚ್‌ಡೌನ್ (ಚೆಂಡು ಎದುರಾಳಿಯ ಗೆರೆ ದಾಟಿ ಅಂಕ ತರುವುದು) ಎಸೆದ. ವೈಕಿಂಗ್ಸ್ 14-3. ಬೇರ್ಸ್ 5-12. ನಾಲ್ಕು ವರ್ಷಕ್ಕೆ ನನ್ನ ಕಣ್ಣಿನ ಒಟ್ಟು 5.

ಈಗ ನಾಲ್ಕನೇ ದಾರಿಗೆ ಬರುತ್ತೇನೆ. ಈ ಹೋಲಿಕೆ ಬರೆಯಲು ಕೂತದ್ದೇ ಇದಕ್ಕಾಗಿ. ಗೆಲುವು ಸೋಲು ನೋಡಲೇಬಾರದು. ಹೋದ ಸೀಸನ್‌ನಲ್ಲಿ ತಂಡ ಹೊಡೆದ ಅಂಕ ಎಷ್ಟು, ಬಿಟ್ಟುಕೊಟ್ಟ ಅಂಕ ಎಷ್ಟು, ಕಳೆದರೆ ಉಳಿದದ್ದು ಎಷ್ಟು? ಆ ಉಳಿಕೆಯ ಸಾಲಿನಲ್ಲೇ ಮುಂದಿನ ವರ್ಷದ ಪಟ್ಟಿ ಬರೆಯಬೇಕು.

2022ರ ವೈಕಿಂಗ್ಸ್ ಇದಕ್ಕೆ ಸಿಕ್ಕ ಅಪರೂಪದ ಪಾಠ. 13 ಗೆಲುವು, 4 ಸೋಲು, ಡಿವಿಷನ್ ಪಟ್ಟ. ಆದರೆ ಹೊಡೆದದ್ದು 424 ಅಂಕ, ಕೊಟ್ಟದ್ದು 427. ಮೂರು ಅಂಕ ಸಾಲ! 13 ಆಟ ಗೆದ್ದ ತಂಡಕ್ಕೆ ಹೀಗಾಗುವುದು ಹೇಗೆ? ಒಂದೊಂದೇ ಆಟ ಬಿಡಿಸಿ ನೋಡಿದೆ. 13ರಲ್ಲಿ 11 ಗೆಲುವು ಎಂಟು ಅಂಕ ಅಥವಾ ಅದಕ್ಕಿಂತ ಕಡಿಮೆ ಅಂತರದವು. ಅಂಥ ಬಿಗಿ ಆಟದಲ್ಲಿ ಆ ಸೀಸನ್‌ನ 17 ಆಟದೊಳಗೆ ಅವರು ಒಂದನ್ನೂ ಸೋಲಲಿಲ್ಲ. ಬಫಲೊದಲ್ಲಿ ಹೆಚ್ಚುವರಿ ಸಮಯದಲ್ಲಿ 33-30. ಕೋಲ್ಟ್ಸ್ ವಿರುದ್ಧ ಅರ್ಧ ಆಟಕ್ಕೆ 33-0 ಹಿಂದೆ ಬಿದ್ದು 39-36 ಗೆದ್ದದ್ದು ಲೀಗಿನ ಇತಿಹಾಸದಲ್ಲೇ ದೊಡ್ಡ ಮರಳಿಕೆ. ಸೋತಾಗ ಮಾತ್ರ ಪೂರ್ತಿ ನೆಲಕಚ್ಚಿದರು. ಕೌಬಾಯ್ಸ್ ತಂಡ ವೈಕಿಂಗ್ಸ್‌ನ ಸ್ವಂತ ಮೈದಾನಕ್ಕೇ ಬಂದು 40-3 ಹೊಡೆಯಿತು. ಪ್ಯಾಕರ್ಸ್ 41-17. ಈಗಲ್ಸ್ 24-7. ಲಯನ್ಸ್ 34-23. ನಾಲ್ಕು ಸೋಲಿನಲ್ಲೇ 89 ಅಂಕ ಹೋಯಿತು.

ಬಿಗಿ ಆಟ ಗೆಲ್ಲುವುದಕ್ಕೂ ಧೈರ್ಯ ಬೇಕು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಲ್ಲಿ ಚೆಂಡು ಯಾವ ಕಡೆ ಪುಟಿಯಿತು, ಒದ್ದದ್ದು ಕಂಬದ ಒಳಗೆ ಹೋಯಿತೋ ಹೊರಗೋ, ಅಷ್ಟರಲ್ಲೇ ಆಟ ಮುಗಿದುಹೋಗುತ್ತದೆ. ಈ ವರ್ಷ ಹನ್ನೊಂದಕ್ಕೆ ಹನ್ನೊಂದು ಬಂದರೆ ಮುಂದಿನ ವರ್ಷವೂ ಬರುತ್ತದೆ ಎನ್ನಲು ಆಗುವುದಿಲ್ಲ. ಹೊಡೆದ ಅಂಕ, ಕೊಟ್ಟ ಅಂಕ ನೋಡಿ ಎಷ್ಟು ಗೆಲುವು ಬರಬೇಕಿತ್ತು ಎಂದು ಹೇಳಲು ಬೇಸ್‌ಬಾಲ್‌ಗಾಗಿ ಬಿಲ್ ಜೇಮ್ಸ್ ಮಾಡಿದ ಒಂದು ಸೂತ್ರವಿದೆ. ಡೇರಿಲ್ ಮೋರಿ ಅದನ್ನು 2.37 ಎಂಬ ಘಾತ ಹಾಕಿ ಫುಟ್‌ಬಾಲ್‌ಗೆ ಹೊಂದಿಸಿದ. ಅದಕ್ಕೆ 424, 427 ಕೊಟ್ಟರೆ 17 ಆಟಕ್ಕೆ 8.4 ಗೆಲುವು ಎನ್ನುತ್ತದೆ. ಹದಿಮೂರಲ್ಲ. ಲಯನ್ಸ್‌ನ 453, 427 ಕೊಟ್ಟರೆ 9.1 ಬರುತ್ತದೆ. ಅವರು ಗೆದ್ದದ್ದೂ 9. ಸೂತ್ರ ಬೇಡ ಅನ್ನುವವರಿಗೆ ಸುಮ್ನೆ ಕಳೆಯುವ ಲೆಕ್ಕವೇ ಸಾಕು, ಸಾಲು ಹೆಚ್ಚು ಕಡಿಮೆ ಅದೇ ಬರುತ್ತದೆ.

ಹಾಗಾಗಿ 2023ರ ಆಗಸ್ಟ್‌ನಲ್ಲಿ ನೋಟ್‌ಬುಕ್ಕಿನ ನಾಲ್ಕನೇ ಪಟ್ಟಿ ಹೀಗಿತ್ತು: ಲಯನ್ಸ್ +26, ಪ್ಯಾಕರ್ಸ್ -1, ವೈಕಿಂಗ್ಸ್ -3, ಬೇರ್ಸ್ -137. ರಾಡ್ಜರ್ಸ್ ಇಲ್ಲದ ಪ್ಯಾಕರ್ಸ್ ಎರಡನೆಯದು, ಪಟ್ಟ ಗೆದ್ದಿದ್ದ ವೈಕಿಂಗ್ಸ್ ಮೂರನೆಯದು! ಹಲಗೆ ಮೇಲೆ ಇದನ್ನು ಬರೆಯಲು ನನಗೇ ಧೈರ್ಯ ಬರಲಿಲ್ಲ. ಅಲ್ಲಿ ವೈಕಿಂಗ್ಸ್‌ಗೆ ಎರಡನೇ ಜಾಗ ಕೊಟ್ಟಿದ್ದೆ. ಸೀಸನ್ ಮುಗಿದಾಗ ಲಯನ್ಸ್ 12-5, ಪ್ಯಾಕರ್ಸ್ 9-8, ವೈಕಿಂಗ್ಸ್ 7-10, ಬೇರ್ಸ್ ಕೂಡ 7-10 ಮಾಡಿ ಟೈಬ್ರೇಕ್‌ನಲ್ಲಿ ಕೊನೆಗೆ. ನಾಲ್ಕಕ್ಕೆ ನಾಲ್ಕು. ಅಕ್ಟೋಬರ್ ಕೊನೆಗೆ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡದ್ದು ವೈಕಿಂಗ್ಸ್ ಬೀಳಲು ಒಂದು ಕಾರಣ, ಅದನ್ನು ಮರೆಯಬಾರದು. ಅಷ್ಟನ್ನು ಬಿಟ್ಟುಕೊಟ್ಟರೂ ಈ ದಾರಿಯ ಮೇಲೆ ನನ್ನ ನಂಬಿಕೆ ಕೂತದ್ದು ಆ ವರ್ಷ.

ಉಳಿದ ವರ್ಷ ಇಷ್ಟು ಚೆನ್ನಾಗಿರಲಿಲ್ಲ. 2022ಕ್ಕೆ ಇದರ ಸಾಲೂ ಹೋದ ವರ್ಷದ ಸಾಲೂ ಒಂದೇ, ಹಾಗಾಗಿ ಸೊನ್ನೆ. 2024ಕ್ಕೆ ಎರಡು, 2025ಕ್ಕೆ ಎರಡು. ಒಟ್ಟು 8. ಚೀಟಿಯ ಎರಡರಷ್ಟು, ನನ್ನ ಕಣ್ಣಿಗಿಂತ ಮೂರು ಜಾಸ್ತಿ. ನಾಲ್ಕೇ ಸೀಸನ್‌ನ ಲೆಕ್ಕ ಇದು, ನಾಳೆ ಬದಲಾಗಬಹುದು. ಡೋನಟ್ ಪಣಕ್ಕಿಟ್ಟು ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಬೆಟ್ಟಿಂಗ್ ಕಂಪನಿಗಳ ಅಂದಾಜನ್ನೂ ಪಕ್ಕದಲ್ಲಿ ಗುರುತು ಹಾಕಿಕೊಂಡಿದ್ದೆ, ಮೊದಲ ಹೆಸರು ಮಾತ್ರ. 2022ಕ್ಕೆ ಪ್ಯಾಕರ್ಸ್, ಆಮೇಲಿನ ಮೂರು ವರ್ಷ ಆಗಸ್ಟ್ ನಡುವಿನಲ್ಲಿ ಲಯನ್ಸ್. ನಾಲ್ಕರಲ್ಲಿ ಎರಡು ಸರಿ. ಅಂಕದ ಲೆಕ್ಕ ಕೊಟ್ಟ ಮೊದಲ ಹೆಸರೂ ಪ್ರತಿ ವರ್ಷ ಅದೇ ಆಗಿತ್ತು. ಹಾಗಾಗಿ ಅದರ ಹಿಂದೆ ಹೋಗುವ ಅಗತ್ಯ ನನಗೆ ಕಾಣಲಿಲ್ಲ.

ಅಂಕದ ಲೆಕ್ಕಕ್ಕೆ ಎರಡು ಕುರುಡು ಇದೆ. ಒಂದು, ತೀರಾ ಸಣ್ಣ ಅಂತರ. 2023ರಲ್ಲಿ ವೈಕಿಂಗ್ಸ್ -18, ಬೇರ್ಸ್ -19. ಆ ಒಂದು ಅಂಕಕ್ಕೆ ಏನು ಅರ್ಥ? ಏನೂ ಇಲ್ಲ. ಹಾಗಿದ್ದಾಗ ಕಣ್ಣನ್ನೇ ಕೇಳಬೇಕು. ಇನ್ನೊಂದು, ಯಾರು ಬಿಟ್ಟುಹೋದರು ಎಂಬುದು ಅದಕ್ಕೆ ಕಾಣುವುದೇ ಇಲ್ಲ. 2024ರ ಲಯನ್ಸ್ 564 ಅಂಕ ಹೊಡೆದು 342 ಕೊಟ್ಟಿತ್ತು, +222. ಅಷ್ಟು ದೊಡ್ಡ ಸಂಖ್ಯೆ ಕಂಡಾಗ ಬೇರೆ ಹೆಸರು ಬರೆಯಲು ಕೈ ಬರುತ್ತದಾ? ಆದರೆ ಆ ಅಂಕಗಳ ಹಿಂದಿದ್ದ ಆಕ್ರಮಣದ ಕೋಚ್ ಬೆನ್ ಜಾನ್ಸನ್ ಬೇರ್ಸ್‌ಗೆ ಮುಖ್ಯ ಕೋಚ್ ಆಗಿ ಹೋದ. ರಕ್ಷಣೆಯ ಕೋಚ್ ಆರನ್ ಗ್ಲೆನ್ ಜೆಟ್ಸ್‌ಗೆ ಹೋದ. ಕ್ವಾರ್ಟರ್‌ಬ್ಯಾಕ್ ಮುಂದಿನ ಸಾಲಿನ ನಡುವೆ ನಿಲ್ಲುವ ಸೆಂಟರ್ ಫ್ರ್ಯಾಂಕ್ ರ್‍ಯಾಗ್ನೊ 2025ರ ಜೂನ್‌ನಲ್ಲಿ ನಿವೃತ್ತಿ ಹೇಳಿದ.

ಅತ್ತ ಷಿಕಾಗೊದಲ್ಲಿ ಏನು ನಡೆಯುತ್ತಿತ್ತು? 2024ರಲ್ಲಿ ಕೇಲೆಬ್ ವಿಲಿಯಮ್ಸ್‌ನನ್ನು ಎದುರಾಳಿಗಳು 68 ಸಲ ನೆಲಕ್ಕೆ ಕೆಡವಿದ್ದರು. ಬೇರ್ಸ್ ಅವನ ಮುಂದೆ ನಿಲ್ಲುವ ಗೋಡೆಯ ನಡುವಿನ ಮೂವರನ್ನೂ ಬದಲಿಸಿತು. ಜೋ ಥೂನಿ, ಡ್ರೂ ಡಾಲ್ಮನ್, ಮೊದಲು ನಮ್ಮ ಲಯನ್ಸ್‌ನಲ್ಲೇ ಇದ್ದ ಜೋನಾ ಜಾಕ್ಸನ್. ಇದೆಲ್ಲ 2025ರ ಮಾರ್ಚ್‌ನಲ್ಲೇ ಪೇಪರಿನಲ್ಲಿ ಬಂದಿತ್ತು, ನಾನು ಓದಿಯೂ ಇದ್ದೆ. ಆದರೂ ಬೇರ್ಸ್‌ಗೆ ಮೂರನೇ ಜಾಗಕ್ಕಿಂತ ಮೇಲೆ ಕೊಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಲಯನ್ಸ್ ತಂಡ ಬೇರ್ಸನ್ನು 52-21 ಸೋಲಿಸಿದಾಗ ನನ್ನ ಪಟ್ಟಿಯೇ ಸರಿ ಅನ್ನಿಸಿತ್ತು. ಬೇರ್ಸ್ ಅಲ್ಲಿಂದ ಎದ್ದು 11-6 ಮಾಡಿ ಡಿವಿಷನ್ ಗೆದ್ದಿತು.

ಈಗ ನೋಟ್‌ಬುಕ್ಕಿನಲ್ಲಿ ಐದನೇ ಕಾಲಂ ಎಳೆದಿದ್ದೇನೆ. ಮೊದಲು ಅಂಕದ ಸಾಲು. ಆಮೇಲೆ ಪ್ರತಿ ಹೆಸರಿನ ಮುಂದೆ ಮೂರೇ ಪ್ರಶ್ನೆ: ಕ್ವಾರ್ಟರ್‌ಬ್ಯಾಕ್ ಅವನೇನಾ? ಅವನ ಮುಂದಿನ ಐವರು ಅವರೇನಾ? ಆಟ ಹೆಣೆಯುವ ಕೋಚ್ ಅಲ್ಲೇ ಇದ್ದಾನಾ? ಎರಡಕ್ಕೆ ಉತ್ತರ ಬದಲಾಗಿದ್ದರೆ ಆ ಹೆಸರನ್ನು ಒಂದು ಮೆಟ್ಟಿಲು ಸರಿಸುತ್ತೇನೆ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಬಂದವರನ್ನು ನೋಡಿ ತೀರ್ಮಾನಿಸುತ್ತೇನೆ. ಚೀಟಿ ಡಬ್ಬಿಯನ್ನೂ ಬಿಡುವುದಿಲ್ಲ. ಈ ಸಲ ಚೀಟಿ ಬರೆಯುವುದೂ ತನ್ನ ಕೆಲಸ ಎಂದು ಮಗಳು ಹೇಳಿದ್ದಾಳೆ. ನಾಲ್ಕು ಹೆಸರನ್ನೂ ಕನ್ನಡದಲ್ಲಿ ಬರೆಯುತ್ತಾಳಂತೆ.