ಒಂದೇ ಚೇಳು, ನಾಲ್ಕು ಥರದ ಆರೈಕೆ

ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಗೆಳೆಯರ ಜೊತೆ ಸೇರಿ ಮುಂಗೈ ಮೇಲೆ ಚೇಳಿನ ಹಚ್ಚೆ (ಟ್ಯಾಟೂ) ಹಾಕಿಸಿಕೊಂಡಿದ್ದೆ. ಈಗ ಶಿವಮೊಗ್ಗಕ್ಕೆ ಹೋಗಿ ಲೇಸರ್‌ನಲ್ಲಿ ತೆಗೆಸುತ್ತಿದ್ದೇನೆ. ಎಂಟೆಂಟು ವಾರ ಬಿಟ್ಟು ನಾಲ್ಕು ಸಲ ಆಯ್ತು. ಹೊಡೆದ ಕೂಡಲೇ ಆ ಜಾಗ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅಸಲಿ ಕೆಲಸ ಶುರುವಾಗೋದು ರಾತ್ರಿ, ನೀರುಗುಳ್ಳೆ ಎದ್ದ ಮೇಲೆ. ಗಾಯಕ್ಕೆ ಒಂದೊಂದು ಸಲ ಒಂದೊಂದು ಮಾಡಿ ನೋಡಿದ್ದೇನೆ.

ಜನವರಿಯಲ್ಲಿ ಮನೆಯಲ್ಲೇ ಇದ್ದ ಆ್ಯಂಟಿಬಯಾಟಿಕ್ ಮುಲಾಮು. ಮೂರನೇ ದಿನಕ್ಕೆ ಹಚ್ಚಿದಷ್ಟೂ ಜಾಗ ಕೆಂಪಾಗಿ, ಸಣ್ಣ ಸಣ್ಣ ಗುಳ್ಳೆ ಎದ್ದು, ರಾತ್ರಿಯಿಡೀ ತುರಿಕೆ. ಕೀವಾಗಿದೆ ಅಂತ ಹೆದರಿ ಡಾಕ್ಟರಿಗೆ ತೋರಿಸಿದರೆ, ಕೀವಲ್ಲ, ಮುಲಾಮಿನಲ್ಲಿರುವ ನಿಯೋಮೈಸಿನ್ ನಿನಗೆ ಆಗಿಬರುತ್ತಿಲ್ಲ ಅಂದರು. ಇದು ಬಹಳ ಜನಕ್ಕೆ ಆಗುತ್ತದಂತೆ.

ಮಾರ್ಚ್‌ನಲ್ಲಿ ಅಮ್ಮನ ಸರದಿ. "ಅರಿಶಿನ ಹಚ್ಚು ಮಗಾ" ಅಂದರು, ನಾನು ಒಪ್ಪಲಿಲ್ಲ. ಬಣ್ಣ ತೆಗೆಸೋಕೆ ದುಡ್ಡು ಕೊಟ್ಟು ಮೇಲೆ ಇನ್ನೊಂದು ಬಣ್ಣ ಹಚ್ಚೋದಾ? ಕೊನೆಗೆ ಹಿತ್ತಿಲ ಲೋಳೆಸರಕ್ಕೆ ರಾಜಿಯಾದೆವು. ಹಚ್ಚಿದಾಗ ತಣ್ಣಗೆ, ಆಹಾ. ಆದರೆ ಎಲೆ ಕುಯ್ದಾಗ ಸಿಪ್ಪೆಯ ಒಳಗಿಂದ ಹಳದಿ ಹಾಲು ಇಳಿಯುತ್ತದಲ್ವಾ, ಅದನ್ನು ಸರಿಯಾಗಿ ಬಸಿಯದೆ ಹಚ್ಚಿದ್ದಕ್ಕೆ ಉರಿದುಹೋಯಿತು. ಲೋಳೆ ಒಣಗಿದ ಮೇಲೆ ಚರ್ಮ ಬಿಗಿದು, ಹಕ್ಕಳೆ ಬಿರುಕು ಬಿಟ್ಟಿತು. ತೆರೆದ ಗಾಯಕ್ಕೆ ಇದು ಬೇಡ.

ಮೇ ತಿಂಗಳಲ್ಲಿ ಹೈಡ್ರೋಕಲಾಯ್ಡ್ ಪಟ್ಟಿ, ಅಂದರೆ ಗಾಯದ ನೀರು ಹೀರುವ ಅಂಟುಪಟ್ಟಿ. ಒಮ್ಮೆ ಅಂಟಿಸಿದರೆ ಮೂರು ದಿನ ಆ ಕಡೆ ನೋಡೋದೇ ಬೇಡ. ಒಳಗೆ ಬಿಳಿ ಲೋಳೆ ಕಟ್ಟಿ ವಾಸನೆ ಬರುತ್ತದೆ, ಅದು ಕೀವಲ್ಲ, ಪಟ್ಟಿ ಗಾಯದ ನೀರು ಹೀರಿ ಹಾಗಾಗೋದು. ಗುಳ್ಳೆ ಇಲ್ಲದ ಕಡೆ ಅದ್ಭುತ, ಹಕ್ಕಳೆಯೇ ಕಟ್ಟಲಿಲ್ಲ. ಗುಳ್ಳೆ ಮೇಲೆ ಅಂಟಿಸಿದ್ದು ಮಾತ್ರ ನನ್ನ ದಡ್ಡತನ. ಕೀಳುವಾಗ ಗುಳ್ಳೆಯ ಸಿಪ್ಪೆಯೂ ಪಟ್ಟಿ ಜೊತೆ ಕಿತ್ತು ಬಂತು, ಕಣ್ಣಲ್ಲಿ ನೀರು ಬಂತು.

ಜುಲೈನಲ್ಲಿ ಪಟ್ಟಿ, ವ್ಯಾಸಲೀನ್ ಎರಡನ್ನೂ ಒಟ್ಟಿಗೆ ನೋಡಿಯೇ ಬಿಡೋಣ ಅಂತ ಚೇಳಿನ ತಲೆಗೆ ಪಟ್ಟಿ, ಬಾಲಕ್ಕೆ ತೆಳ್ಳಗೆ ವ್ಯಾಸಲೀನ್ ಹಚ್ಚಿ ಮೇಲೆ ಗಾಯಕ್ಕೆ ಅಂಟದ ಗಾಜ್ ಬಟ್ಟೆ. ಆಗ ತೀರ್ಥಹಳ್ಳಿ ಕಡೆ ಮಳೆ ಹೇಗಿರುತ್ತದೆ ಅಂತ ಹೇಳಬೇಕಾ? ಒಗೆದ ಬನಿಯನ್ ನಾಲ್ಕು ದಿನವಾದರೂ ಒಣಗಲ್ಲ. ಎರಡನೇ ದಿನಕ್ಕೇ ಪಟ್ಟಿಯ ಅಂಚು ಸುರುಳಿ ಸುತ್ತಿಕೊಂಡಿತು, ಸುತ್ತಲಿನ ಚರ್ಮ ನೀರಲ್ಲಿ ನೆನೆದ ಬೆರಳಿನ ಹಾಗೆ ಬೆಳ್ಳಗೆ ಮುದುಡಿತು. ತೋಟದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಸಮಯ ಬೇರೆ. ಆ ಮೈಲುತುತ್ತ, ಸುಣ್ಣದ ನೀರು ಅಂಚಿನಿಂದ ಒಳಗೆ ಹೋದರೆ ಕಥೆ ಮುಗಿಯಿತು ಅಂತ ಎರಡು ವಾರ ತೋಟಕ್ಕೇ ಇಳಿಯಲಿಲ್ಲ. ಅಪ್ಪನ ಮುಖ ನೋಡಬೇಕಿತ್ತು.

ಬಾಲದ ಕಡೆ ಕಿರಿಕಿರಿ ಜಾಸ್ತಿ. ದಿನಕ್ಕೆ ಎರಡು ಸಲ ಬಿಚ್ಚಬೇಕು, ಸೋಪು ನೀರಲ್ಲಿ ಮೆಲ್ಲಗೆ ತೊಳೆಯಬೇಕು, ಒತ್ತಿ ಒರೆಸಬೇಕು, ಮತ್ತೆ ಕಟ್ಟಬೇಕು. ಆದರೆ ಹನ್ನೆರಡನೇ ದಿನಕ್ಕೆ ಗಾಯ ಮುಚ್ಚಿ ಗುಲಾಬಿ ಚರ್ಮ ಬಂದಿತ್ತು. ತಲೆ ಕಡೆ ಮೂರು ವಾರ ಹಿಡಿಯಿತು, ಈಗಲೂ ಅಲ್ಲಿ ಕಪ್ಪು ಕಲೆ ಇದೆ. ತಲೆಯಲ್ಲಿ ಶಾಯಿಯೂ ದಟ್ಟವಾಗಿತ್ತು, ಹಾಗಾಗಿ ಪೂರ್ತಿ ತಪ್ಪು ಪಟ್ಟಿಯದ್ದೇ ಅನ್ನಲಾರೆ. ನಮ್ಮಂಥ ಕಂದು ಚರ್ಮಕ್ಕೆ ಲೇಸರ್ ಆದ ಮೇಲೆ ಕಪ್ಪಾಗುವುದೋ ಬೆಳ್ಳಗಾಗುವುದೋ ಇದ್ದದ್ದೇ. ಬಿಸಿಲು ಬಿದ್ದರೆ ಕಲೆ ಇನ್ನೂ ಕಪ್ಪಾಗುತ್ತದೆ, ಅದಕ್ಕೇ ಗಾಯ ಮುಚ್ಚಿದ ಮೇಲೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನೆ.

ಮಳೆಗಾಲಕ್ಕೆ ನನ್ನ ಓಟು ವ್ಯಾಸಲೀನ್‌ಗೆ. ಗುಳ್ಳೆಯನ್ನು ಸೂಜಿಯಲ್ಲಿ ಚುಚ್ಚಬೇಡಿ, ಆ ಸಿಪ್ಪೆಯೇ ಗಾಯಕ್ಕೆ ಹೊದಿಕೆ. ಕೆಂಪು ಹರಡುತ್ತಾ ಹೋದರೆ, ಕೀವು ಬಂದರೆ, ಜ್ವರ ಬಂದರೆ ಇದ್ಯಾವುದೂ ಬೇಡ, ಸೀದಾ ಡಾಕ್ಟರ ಹತ್ತಿರ ಹೋಗಿ. ಐದನೇ ಸಲವನ್ನು ಸೆಪ್ಟೆಂಬರ್ ಬಿಟ್ಟು ಮಳೆ ನಿಂತ ಮೇಲೆ ಇಟ್ಟುಕೊಂಡಿದ್ದೇನೆ. ಆಗ ಗುಳ್ಳೆ ಏಳದಿದ್ದರೆ ಪಟ್ಟಿಗೆ ಇನ್ನೊಂದು ಚಾನ್ಸ್ ಕೊಡುತ್ತೇನೆ.