‘ಪರೀಕ್ಷೆಗೆ ರೆಡಿ’ ಲ್ಯಾಬ್ ಕಿಟ್ ಕೊಳ್ಳುವ ಮೊದಲು ಶೋ ವರ್ಷನ್ ಕೇಳಿ

ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಎಗೆ ಓದುತ್ತಿದ್ದೀರಾ? ಹಳೆಯ ರೌಟರ್, ಸ್ವಿಚ್ ಜೋಡಿಸಿ ಮಾರುವ ಲ್ಯಾಬ್ ಕಿಟ್ ಮೇಲೆ ಕಣ್ಣಿದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ‘ಶೋ ವರ್ಷನ್’ ಎಂದರೆ ಡಿವೈಸ್ ಒಳಗೆ ಯಾವ ಸಾಫ್ಟ್‌ವೇರ್ ಇದೆ ಎಂದು ತೋರಿಸುವ ಕಮಾಂಡ್.

ನನಗೆ ಬಂದ ಕಿಟ್‌ನಲ್ಲಿ ಕ್ಯಾಟಲಿಸ್ಟ್ 2950 ಸ್ವಿಚ್‌ಗಳು ಮತ್ತು 1841 ರೌಟರ್‌ಗಳಿದ್ದವು. ‘ಪರೀಕ್ಷೆಗೆ ಬೇಕಾದ್ದೆಲ್ಲ ಇದರಲ್ಲಿದೆ, ಟೆಸ್ಟ್ ಮಾಡಿ, ಪೂರ್ತಿ ರೀಸೆಟ್ ಮಾಡಿ ಕಳಿಸುತ್ತೇವೆ’ ಎಂದು ಮಾರಾಟಗಾರ ಬರೆದಿದ್ದ. ಎಲ್ಲವೂ ಆನ್ ಆದವು, ದೀಪ ಹಸಿರಾಯಿತು. ಅವನು ಮಾಡಿದ ಟೆಸ್ಟ್ ಅಷ್ಟೇ ಎಂದು ಆಮೇಲೆ ಗೊತ್ತಾಯಿತು.

ಮೊದಲು ಕೈಕೊಟ್ಟಿದ್ದು ಎಸ್‌ಎಸ್‌ಎಚ್, ಅಂದರೆ ಡಿವೈಸ್‌ಗೆ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ. ರೌಟರ್‌ಗೆ ಹೆಸರು ಕೊಟ್ಟು, ಡೊಮೈನ್ ನೇಮ್ ಹಾಕಿ, ‘ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ’ ಕೊಟ್ಟರೆ ‘ಇನ್‌ವ್ಯಾಲಿಡ್ ಇನ್‌ಪುಟ್’ ಎಂದು ಬಂತು. ಸ್ಪೆಲ್ಲಿಂಗ್ ಸರಿಯಾಗಿಯೇ ಇತ್ತು. ಒಳಗಿದ್ದದ್ದು ಬರೀ ಐಪಿ ಬೇಸ್ ಇಮೇಜ್ (ಮೂಲ ಸೌಲಭ್ಯಗಳಷ್ಟೇ ಇರುವ ಸಾಫ್ಟ್‌ವೇರ್ ಫೈಲ್), ಫೈಲ್ ಹೆಸರಿನಲ್ಲಿ ‘ಕೆ9’ ಇರಲಿಲ್ಲ. ಸಿಸ್ಕೊ ಡಿವೈಸ್‌ಗಳ ಆಪರೇಟಿಂಗ್ ಸಿಸ್ಟಮ್ ಆದ ಐಒಎಸ್‌ನ ಇಮೇಜ್ ಹೆಸರಿನಲ್ಲಿ ಕೆ9 ಇದ್ದರೆ ಎನ್‌ಕ್ರಿಪ್ಷನ್ ಇದೆ ಎಂದರ್ಥ. ಅದಿಲ್ಲದಿದ್ದರೆ ಎಸ್‌ಎಸ್‌ಎಚ್ ಕಮಾಂಡ್‌ಗಳೇ ಇರುವುದಿಲ್ಲ. ಎಸ್‌ಎಸ್‌ಎಚ್ ಕಾನ್ಫಿಗರ್ ಮಾಡುವುದು ಪರೀಕ್ಷೆಯ ಪಟ್ಟಿಯಲ್ಲೇ ಇದೆ, ಅದನ್ನು ಎನ್‌ಕ್ರಿಪ್ಷನ್ ಇಲ್ಲದ ಟೆಲ್‌ನೆಟ್‌ನಲ್ಲಿ ಅಭ್ಯಾಸ ಮಾಡಲಾಗುತ್ತಾ?

ಸ್ವಿಚ್‌ಗಳ ಕಥೆ ಇನ್ನೂ ಕೆಟ್ಟದು. 2950 ಒಳ್ಳೆಯ ಸ್ವಿಚ್, ಅದರ ಮೇಲೆ ನನಗೇನೂ ಕೋಪವಿಲ್ಲ. ಆದರೆ ಅದು 20 ವರ್ಷಕ್ಕೂ ಹಳೆಯ ಮಾದರಿ. ಈಗಿರುವ ಸಿಸಿಎನ್‌ಎ ಪರೀಕ್ಷೆ (ನಂಬರ್ 200-301) ಶುರುವಾದದ್ದು 2020ರ ಫೆಬ್ರುವರಿಯಲ್ಲಿ. ಅದರಲ್ಲಿ ಎಲ್‌ಎಲ್‌ಡಿಪಿ (ಪಕ್ಕದ ಡಿವೈಸ್ ಪತ್ತೆ ಹಚ್ಚುವುದು) ಬರುತ್ತದೆ, ಐಪಿವಿ6 (ಹೊಸ ಐಪಿ ವಿಳಾಸ ಪದ್ಧತಿ) ಬರುತ್ತದೆ, ಡೈನಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ (ನಕಲಿ ಎಆರ್‌ಪಿ ಸಂದೇಶ ತಡೆಯುವುದು) ಬರುತ್ತದೆ. 12.1 ಐಒಎಸ್ ಓಡಿಸುವ 2950ರಲ್ಲಿ ಇವ್ಯಾವುವೂ ಸಿಗುವುದಿಲ್ಲ. ಲೇಯರ್ 3 ಕೆಲಸವೂ ಆಗದು, ಅಂದರೆ ಸ್ವಿಚ್ ಒಳಗೇ ವಿಎಲ್ಯಾನ್‌ಗಳ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್‌ಗಳ) ನಡುವೆ ರೌಟಿಂಗ್ ಮಾಡಿ ನೋಡುವ ಹಾಗಿಲ್ಲ. ವಿಎಲ್ಯಾನ್, ಟ್ರಂಕ್ (ಹಲವು ವಿಎಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಕೊಂಡಿ), ಪೋರ್ಟ್ ಸೆಕ್ಯೂರಿಟಿ ಅಭ್ಯಾಸಕ್ಕೆ ಸಾಕು, ಅಷ್ಟೇ. ಅದನ್ನು ಹಾಗೆಂದೇ ಹೇಳಿ ಮಾರಿದ್ದರೆ ತಕರಾರೇ ಇರುತ್ತಿರಲಿಲ್ಲ.

ನಿಜವಾಗಿ ಹೊಟ್ಟೆ ಉರಿದದ್ದು ಇದಕ್ಕೆ. ನನ್ನ ಹತ್ತಿರ ಮೊದಲೇ ಒಂದು 2960 ಸ್ವಿಚ್ ಇತ್ತು. ಅದರಲ್ಲಿ ವಿಎಲ್ಯಾನ್ ಮಾಡಿ, ಪೋರ್ಟ್‌ಗಳನ್ನು ಹಂಚಿ ಇಟ್ಟಿದ್ದೆ. ಕಿಟ್‌ನ ಸ್ವಿಚ್ ಅನ್ನು ಅದಕ್ಕೆ ಕೇಬಲ್ ಹಾಕಿ ಜೋಡಿಸಿದ ಸ್ವಲ್ಪ ಹೊತ್ತಿಗೆ ಪಿಂಗ್ ನಿಂತಿತು. ‘ಶೋ ವಿಎಲ್ಯಾನ್ ಬ್ರೀಫ್’ ಕೊಟ್ಟರೆ ನಾನು ಮಾಡಿದ ವಿಎಲ್ಯಾನ್‌ಗಳು ಮಾಯ, ಬದಲಿಗೆ ಯಾವುದೋ ಆಫೀಸಿನ ವಿಭಾಗಗಳ ಹೆಸರುಗಳು! ಮಾರಾಟಗಾರ ‘ರೀಸೆಟ್’ ಎಂದದ್ದು ಸ್ಟಾರ್ಟಪ್ ಕಾನ್ಫಿಗ್ (ಆನ್ ಆಗುವಾಗ ಓದುವ ಸೆಟ್ಟಿಂಗ್ ಫೈಲ್) ಅಳಿಸಿದ್ದು ಮಾತ್ರ. ವಿಎಲ್ಯಾನ್ ಮಾಹಿತಿ ಅಲ್ಲಿರುವುದಿಲ್ಲ, ಫ್ಲ್ಯಾಶ್‌ನಲ್ಲಿ ‘ವಿಎಲ್ಯಾನ್ ಡಾಟ್ ಡ್ಯಾಟ್’ ಎಂಬ ಬೇರೆ ಫೈಲಿನಲ್ಲಿರುತ್ತದೆ. ಅದನ್ನು ಪ್ರತ್ಯೇಕವಾಗಿ ಡಿಲೀಟ್ ಮಾಡಿ ರೀಲೋಡ್ ಮಾಡಬೇಕು. ಹಳೆಯ ಮಾಲೀಕರ ವಿಟಿಪಿ ಡೊಮೈನ್ ಹೆಸರು, ದೊಡ್ಡ ರಿವಿಷನ್ ನಂಬರ್ ಎರಡೂ ಅದರಲ್ಲೇ ಕೂತಿದ್ದವು. ವಿಟಿಪಿ ಎಂದರೆ ಸ್ವಿಚ್‌ಗಳು ಟ್ರಂಕ್ ಮೂಲಕ ವಿಎಲ್ಯಾನ್ ಪಟ್ಟಿ ಹಂಚಿಕೊಳ್ಳುವ ವ್ಯವಸ್ಥೆ, ಅದರಲ್ಲಿ ರಿವಿಷನ್ ನಂಬರ್ ದೊಡ್ಡದಿರುವ ಪಟ್ಟಿಯೇ ಗೆಲ್ಲುತ್ತದೆ. 2950ರ ಪೋರ್ಟ್ ತಾನಾಗಿಯೇ ಟ್ರಂಕ್ ಆಗಲು ನೋಡುತ್ತದೆ. ಡೊಮೈನ್ ಹೆಸರಿಲ್ಲದ ನನ್ನ ಸ್ವಿಚ್ ಆ ಡೊಮೈನ್ ಒಪ್ಪಿಕೊಂಡು, ತನ್ನ ವಿಎಲ್ಯಾನ್ ಪಟ್ಟಿಯನ್ನೇ ಬದಲಿಸಿಕೊಂಡಿತು. ಇದು ಲ್ಯಾಬ್, ಸರಿ. ಇದೇ ಸ್ವಿಚ್ ಯಾರದ್ದಾದರೂ ಕೆಲಸದ ನೆಟ್‌ವರ್ಕ್‌ಗೆ ಹೋಗಿದ್ದರೆ?

ದೂರು ಹೇಳಿದಾಗ ಬಂದ ಉತ್ತರ, ‘ಡಿವೈಸ್ ಆನ್ ಆಗ್ತಿದೆ ಅಲ್ವಾ, ವಾಪಸ್ ತಗೊಳ್ಳೋಕೆ ಆಗಲ್ಲ. ಬೇಕಾದರೆ ಕೆ9 ಇಮೇಜ್ ಲಿಂಕ್ ಕಳಿಸ್ತೀನಿ.’ ದಯವಿಟ್ಟು ಅಂಥ ಲಿಂಕ್ ಮುಟ್ಟಬೇಡಿ. ಐಒಎಸ್ ಇಮೇಜ್‌ಗೆ ಲೈಸೆನ್ಸ್ ಇರುತ್ತದೆ. ಯಾರೋ ಎಲ್ಲಿಂದಲೋ ತಂದ ಫೈಲಿನಲ್ಲಿ ಏನು ತುರುಕಿದ್ದಾರೆ ಎಂದು ನೋಡಿದರೆ ತಿಳಿಯುವುದಿಲ್ಲ. ನಾನು ಒಲ್ಲೆ ಎಂದೆ. ದುಡ್ಡು ವಾಪಸ್ ಬರಲಿಲ್ಲ.

ಹಾಗಂತ ನಿಜವಾದ ಡಿವೈಸ್ ದಂಡ ಎಂದು ನಾನು ಹೇಳುವುದಿಲ್ಲ. ಕನ್ಸೋಲ್ ಕೇಬಲ್ ಚುಚ್ಚಿ 9600 ಬಾಡ್‌ಗೆ ಹೊಂದಿಸುವುದು, ಪಾಸ್‌ವರ್ಡ್ ಗೊತ್ತಿಲ್ಲದ ರೌಟರ್‌ನ ಕಾನ್ಫಿಗರೇಷನ್ ರಿಜಿಸ್ಟರ್ ಅನ್ನು 2102ರಿಂದ 2142ಕ್ಕೆ ಬದಲಿಸಿ ಒಳಗೆ ಹೋಗುವುದು, ಇವೆಲ್ಲ ಕೈಯಿಂದ ಮಾಡಿದಾಗಲೇ ಚೆನ್ನಾಗಿ ಕೂರುತ್ತವೆ. ಆದರೆ ಪರೀಕ್ಷೆಯ ಅಭ್ಯಾಸಕ್ಕೆ ಮೊದಲು ಪ್ಯಾಕೆಟ್ ಟ್ರೇಸರ್ ಎಂಬ ಸಿಮ್ಯುಲೇಟರ್ ಹಾಕಿಕೊಳ್ಳಿ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಅಕೌಂಟ್ ತೆರೆದರೆ ಉಚಿತ. ನಿಜವಾದ ಐಒಎಸ್ ಬೇಕೆಂದರೆ ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್‌ಗೂ ಉಚಿತ ಆವೃತ್ತಿ ಇದೆ, 5 ನೋಡ್‌ವರೆಗೆ, ಅಂದರೆ 5 ಡಿವೈಸ್‌ವರೆಗೆ ಓಡಿಸಬಹುದು. ಒಎಸ್‌ಪಿಎಫ್ (ರೌಟಿಂಗ್ ವಿಧಾನ), ಎಸಿಎಲ್ (ಟ್ರಾಫಿಕ್ ಬಿಡುವ, ತಡೆಯುವ ನಿಯಮ) ತರಹದ ಅಭ್ಯಾಸಕ್ಕೆ 5 ನೋಡ್ ಧಾರಾಳ.

ಇಷ್ಟಾದ ಮೇಲೂ ಕಿಟ್ ಬೇಕೇ ಬೇಕು ಎಂದರೆ, ಮಾದರಿ ನಂಬರ್ ನೋಡಿ ನಂಬಬೇಡಿ. ಪ್ರತಿ ಡಿವೈಸ್‌ನ ‘ಶೋ ವರ್ಷನ್’, ‘ಶೋ ಫ್ಲ್ಯಾಶ್’, ಸ್ವಿಚ್ ಆದರೆ ‘ಶೋ ವಿಟಿಪಿ ಸ್ಟೇಟಸ್’ ಕಮಾಂಡ್‌ನ ಔಟ್‌ಪುಟ್ ಕೂಡ ಕೇಳಿ. ಇವನ್ನು ಕಳಿಸಲು ಮಾರುವವರಿಗೆ ಹೆಚ್ಚು ಹೊತ್ತು ಬೇಕಿಲ್ಲ. ಸುಮ್ನೆ ‘ಎಲ್ಲ ಸರಿ ಇದೆ’ ಎಂದು ಜಾರಿಕೊಂಡರೆ ಅಲ್ಲಿಗೇ ಬಿಡಿ. 2960 ಆದರೆ ಇಮೇಜ್ ಹೆಸರಿನಲ್ಲಿ ಲ್ಯಾನ್ ಲೈಟ್ ಇದೆಯೋ ಲ್ಯಾನ್ ಬೇಸ್ ಇದೆಯೋ ನೋಡಿ. ಲೈಟ್‌ನಲ್ಲಿ ಸೌಲಭ್ಯ ಕಡಿಮೆ. ಈಗಾಗಲೇ ಕೊಂಡಿದ್ದರೆ, ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಎಲ್ಲವನ್ನೂ ಆನ್ ಮಾಡಿ ಈ ಔಟ್‌ಪುಟ್ ಉಳಿಸಿಕೊಳ್ಳಿ. ವಿಎಲ್ಯಾನ್ ಫೈಲ್ ಅಳಿಸಿ ರೀಲೋಡ್ ಮಾಡುವವರೆಗೆ ಆ ಸ್ವಿಚ್ ಅನ್ನು ಬೇರೆ ಯಾವ ಸ್ವಿಚ್‌ಗೂ ಜೋಡಿಸಬೇಡಿ.